ಶಾಸಕತ್ವ, ಲಾಬಿ ಮತ್ತು ಮುಲಾಜು: ಇಲಿನಾಯ್‌ನ ಮೈಕೆಲ್ ಮೆಕ್‌ಕ್ಲೇನ್ ಪ್ರಕರಣದ ಒಂದು ಅಧ್ಯಯನ

1. ಪ್ರವೇಶ

ಹುದ್ದೆ ಬಿಟ್ಟ ಶಾಸಕರು ಕಂಪನಿಗಳ ಪರವಾಗಿ ಲಾಬಿಗಾರರಾಗುವುದು ಅಮೆರಿಕದ ರಾಜ್ಯಗಳ ರಾಜಕಾರಣದಲ್ಲಿ ಹಳೆಯ ರೂಢಿ. ಇದಕ್ಕೆ ಅಲ್ಲಿನ ಹಲವು ರಾಜ್ಯಗಳು ಕಂಡುಕೊಂಡ ಮದ್ದು ಒಂದೇ: ಹುದ್ದೆ ತೊರೆದ ಮೇಲೆ ಇಂತಿಷ್ಟು ಕಾಲ ಲಾಬಿ ಮಾಡಕೂಡದು ಎಂಬ ನಿರ್ಬಂಧ. ಈ ಮದ್ದಿನ ಹಿಂದೆ ಒಂದು ನಂಬಿಕೆಯಿದೆ. ಅಧಿಕಾರದಿಂದ ಬಂದ ಪ್ರಭಾವ, ಅಧಿಕಾರ ಹೋದ ಮೇಲೆ ದಿನಗಳೆದಂತೆ ಸವೆಯುತ್ತದೆ ಎಂಬುದೇ ಆ ನಂಬಿಕೆ. ಇಲಿನಾಯ್ ರಾಜ್ಯದ ಮಾಜಿ ಶಾಸಕ ಮೈಕೆಲ್ ಮೆಕ್‌ಕ್ಲೇನ್ ಅವರ ವೃತ್ತಿಜೀವನವನ್ನು ಮುಂದಿಟ್ಟುಕೊಂಡು ಈ ನಂಬಿಕೆಯನ್ನು ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅವರು ಶಾಸಕರಾಗಿದ್ದದ್ದು ಸುಮಾರು ಹತ್ತು ವರ್ಷ. ಅವರ ಪ್ರಭಾವ ತುತ್ತತುದಿ ಮುಟ್ಟಿದ್ದು ಶಾಸಕ ಸ್ಥಾನ ಕಳೆದುಕೊಂಡು ಮೂರು ದಶಕ ಕಳೆದ ಮೇಲೆ. ಕಾಲವನ್ನಷ್ಟೇ ಅಳೆಯುವ ಕಾನೂನು ಮುಲಾಜನ್ನು ಅಳೆಯಲಾರದು ಎಂಬುದು ನನ್ನ ವಾದ.

2. ಶಾಸಕನಿಂದ ಲಾಬಿಗಾರನವರೆಗೆ

ಮಿಸಿಸಿಪಿ ನದಿಯ ದಂಡೆಯ ಕ್ವಿನ್ಸಿ ಪಟ್ಟಣದವರಾದ ಮೆಕ್‌ಕ್ಲೇನ್ ಡೆಮಾಕ್ರಟಿಕ್ ಪಕ್ಷದವರು. ಅವರ ತಂದೆಯೂ ಶಾಸಕರಾಗಿದ್ದರು. ತಂದೆ ತೀರಿಕೊಂಡ ಮೇಲೆ ಮಗ ಎಪ್ಪತ್ತರ ದಶಕದ ಆರಂಭದಲ್ಲಿ ಇಲಿನಾಯ್‌ನ ಕೆಳಮನೆಗೆ ಬಂದರು. ಷಿಕಾಗೋ ನಗರದ ನೈರುತ್ಯ ಭಾಗವನ್ನು ಪ್ರತಿನಿಧಿಸುತ್ತಿದ್ದ ಮೈಕೆಲ್ ಮ್ಯಾಡಿಗನ್ 1971ರಿಂದಲೇ ಅದೇ ಸದನದಲ್ಲಿದ್ದರು. ಇಬ್ಬರ ಸ್ನೇಹ ಕುದುರಿದ್ದು ಅಲ್ಲಿ.

1980ರಲ್ಲಿ ಇಲಿನಾಯ್‌ನ ಮತದಾರರು ಸಂವಿಧಾನ ತಿದ್ದುಪಡಿಯೊಂದನ್ನು ಒಪ್ಪಿದರು. ಅದರಿಂದ ಕೆಳಮನೆಯ ಸದಸ್ಯಬಲ 177ರಿಂದ 118ಕ್ಕೆ ಇಳಿಯಿತು. ಪ್ರತಿ ಕ್ಷೇತ್ರದಿಂದ ಮೂವರನ್ನು ಆರಿಸುತ್ತಿದ್ದ ಪದ್ಧತಿ ಹೋಗಿ ಒಬ್ಬರನ್ನೇ ಆರಿಸುವ ಪದ್ಧತಿ ಬಂತು. ಈ ಹೊಸ ವ್ಯವಸ್ಥೆಯಲ್ಲಿ 1982ರಲ್ಲಿ ನಡೆದ ಮೊದಲ ಚುನಾವಣೆಯಲ್ಲೇ ಮೆಕ್‌ಕ್ಲೇನ್ ಸೋತರು. ಅದೇ ಚುನಾವಣೆಯ ಫಲವಾಗಿ ಮ್ಯಾಡಿಗನ್ 1983ರಲ್ಲಿ ಸ್ಪೀಕರ್ ಆದರು. ನಡುವೆ 1995ರಿಂದ ಎರಡು ವರ್ಷ ಬಿಟ್ಟರೆ 2021ರವರೆಗೂ ಆ ಪೀಠ ಅವರದೇ ಆಗಿತ್ತು. ಅಮೆರಿಕದ ಯಾವ ಶಾಸನಸಭೆಯಲ್ಲೂ ಅಷ್ಟು ದೀರ್ಘಕಾಲ ಸ್ಪೀಕರ್ ಆಗಿದ್ದವರು ಇನ್ನೊಬ್ಬರಿಲ್ಲ. ಮಸೂದೆಗಳು ಚರ್ಚೆಗೆ ಬರಬೇಕೋ ಬೇಡವೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತಿದ್ದವರು ಅವರು. 1998ರಿಂದ ರಾಜ್ಯ ಪಕ್ಷದ ಅಧ್ಯಕ್ಷತೆಯೂ ಅವರ ಕೈಯಲ್ಲೇ ಇತ್ತು.

ಗೆಳೆಯರಲ್ಲಿ ಒಬ್ಬರು ಪೀಠ ಏರಿದ ಹೊತ್ತಿಗೆ ಇನ್ನೊಬ್ಬರು ಸದನದಿಂದ ಹೊರಬಿದ್ದಿದ್ದರು. ವಕೀಲಿಕೆಯ ಜೊತೆಗೆ ಮೆಕ್‌ಕ್ಲೇನ್ ಹಿಡಿದ ಕಸುಬು ಲಾಬಿ. ಅವರ ಮುಖ್ಯ ಕಕ್ಷಿದಾರರಲ್ಲಿ ಒಂದು ಕಾಮನ್‌ವೆಲ್ತ್ ಎಡಿಸನ್, ಅಂದರೆ ಕಾಮ್‌ಎಡ್. ಷಿಕಾಗೋ ಮತ್ತು ಉತ್ತರ ಇಲಿನಾಯ್‌ನ ಸುಮಾರು 40 ಲಕ್ಷ ಗ್ರಾಹಕರಿಗೆ ಕರೆಂಟು ಮುಟ್ಟಿಸುವ ಈ ಕಂಪನಿ ಎಕ್ಸೆಲಾನ್ ಸಮೂಹಕ್ಕೆ ಸೇರಿದ್ದು.

3. ಕಂಪನಿಗೆ ಸದನ ಏಕೆ ಬೇಕಿತ್ತು

ವಿದ್ಯುತ್ ವಿತರಣೆ ಏಕಸ್ವಾಮ್ಯದ ವ್ಯವಹಾರ. ಅದರ ಲಾಭವನ್ನು ಪೇಟೆಗಿಂತ ಹೆಚ್ಚಾಗಿ ಕಾನೂನು ಮತ್ತು ನಿಯಂತ್ರಣ ಆಯೋಗ ನಿರ್ಧರಿಸುತ್ತವೆ. ಇಲಿನಾಯ್‌ನಲ್ಲಿ 1997ರ ಕಾನೂನು ಗ್ರಾಹಕರ ದರವನ್ನು ಇಳಿಸಿ ಸ್ಥಗಿತಗೊಳಿಸಿತ್ತು. ಆ ಅವಧಿ ಮುಗಿದು 2007ರಲ್ಲಿ ದರ ಏರಿದಾಗ ಜನರ ಸಿಟ್ಟು ಸದನದವರೆಗೂ ಬಂತು, ಕಂಪನಿಯ ಆರ್ಥಿಕ ಸ್ಥಿತಿ ಹದಗೆಟ್ಟಿತು.

ಮುಂದಿನ ತಿರುವು 2011ರ ಕಾನೂನು. ವಿದ್ಯುತ್ ಜಾಲದ ಸುಧಾರಣೆ ಮತ್ತು ಸ್ಮಾರ್ಟ್ ಮೀಟರುಗಳಿಗೆ ಹತ್ತು ವರ್ಷಗಳಲ್ಲಿ ಸುಮಾರು 260 ಕೋಟಿ ಡಾಲರ್ ಹೂಡಲು ಕಾಮ್‌ಎಡ್ ಒಪ್ಪಿತು. ಅದಕ್ಕೆ ಪ್ರತಿಯಾಗಿ ಕಾನೂನಿನಲ್ಲೇ ಬರೆದ ಸೂತ್ರದಂತೆ ವರ್ಷವರ್ಷವೂ ದರ ನಿಗದಿಯಾಗುವ ವ್ಯವಸ್ಥೆ ಬಂತು, ಆಯೋಗದ ವಿವೇಚನೆಯ ಹರವು ಕಿರಿದಾಯಿತು. ರಾಜ್ಯಪಾಲ ಪ್ಯಾಟ್ ಕ್ವಿನ್ ಇದನ್ನು ತಿರಸ್ಕರಿಸಿದರೂ ಸದನಗಳು ಆ ತಿರಸ್ಕಾರವನ್ನು ಮೀರಿ ಕಾನೂನು ಮಾಡಿದವು. 2016ರಲ್ಲಿ ಬಂದ ಇನ್ನೊಂದು ಕಾನೂನು ಎಕ್ಸೆಲಾನ್‌ನ ಕ್ಲಿಂಟನ್ ಮತ್ತು ಕ್ವಾಡ್ ಸಿಟೀಸ್ ಅಣುಸ್ಥಾವರಗಳಿಗೆ ಆರ್ಥಿಕ ನೆರವು ಒದಗಿಸಿತು. ಈ ಕಾನೂನುಗಳ ಗುಣದೋಷ ಬೇರೆ ಚರ್ಚೆಯ ವಿಷಯ. ಕೆಟ್ಟುಹೋದ ವಿದ್ಯುತ್ ಜಾಲಕ್ಕೆ ಹಣ ಬೇಕಿತ್ತು ಎಂಬುದೂ ಸುಳ್ಳಲ್ಲ. ಕಂಪನಿಯ ಭವಿಷ್ಯ ಒಬ್ಬ ಸ್ಪೀಕರ್ ಅವರ ಮನಸ್ಸಿಗೆ ಗಂಟು ಬಿದ್ದಿತ್ತು ಎಂಬುದಷ್ಟೇ ಇಲ್ಲಿ ಮುಖ್ಯ.

4. ಉಪಕಾರದ ಹಾದಿ

2020ರ ಜುಲೈಯಲ್ಲಿ ಕಾಮ್‌ಎಡ್ ಕೇಂದ್ರದ ಅಭಿಯೋಜಕರೊಂದಿಗೆ ಒಪ್ಪಂದ ಮಾಡಿಕೊಂಡು 20 ಕೋಟಿ ಡಾಲರ್ ದಂಡ ತೆರಲು ಒಪ್ಪಿತು. ಕಂಪನಿ ಅಲ್ಲಿ ಒಪ್ಪಿಕೊಂಡ ಸಂಗತಿಗಳು ಹೀಗಿವೆ: 2011ರಿಂದ 2019ರವರೆಗೆ ಮ್ಯಾಡಿಗನ್ ಅವರ ಒಲವು ಗಳಿಸಲು ಅವರ ಆಪ್ತರಿಗೆ ಮಧ್ಯವರ್ತಿಗಳ ಮೂಲಕ 13 ಲಕ್ಷ ಡಾಲರಿಗೂ ಹೆಚ್ಚು ಹಣ ಸಂದಿತ್ತು. ಪಡೆದವರಲ್ಲಿ ಕೆಲವರು ಅದಕ್ಕಾಗಿ ಕೆಲಸ ಮಾಡಿದ್ದು ಇಲ್ಲವೆನ್ನುವಷ್ಟು ಕಡಿಮೆ. ಸ್ಪೀಕರ್ ಅವರ 13ನೇ ವಾರ್ಡಿನ ಹುಡುಗರಿಗೆ ಕಂಪನಿಯಲ್ಲಿ ತರಬೇತಿಯ ಸ್ಥಾನಗಳು ಮೀಸಲಿದ್ದವು. ಸ್ಪೀಕರ್ ಸೂಚಿಸಿದ ವ್ಯಕ್ತಿಯೊಬ್ಬರು 2019ರಲ್ಲಿ ನಿರ್ದೇಶಕ ಮಂಡಳಿಗೂ ಬಂದರು.

ಹಣ ಹರಿದ ರೀತಿ ಗಮನಾರ್ಹ. ಆಪ್ತರು ಕಂಪನಿಯ ಲೆಕ್ಕದ ಪುಸ್ತಕದಲ್ಲಿ ನೇರವಾಗಿ ಕಾಣುತ್ತಿರಲಿಲ್ಲ. ಕಂಪನಿ ಸಲಹೆಗಾರರೊಬ್ಬರಿಗೆ ಗುತ್ತಿಗೆ ಕೊಡುತ್ತಿತ್ತು, ಅವರ ಕೈಕೆಳಗಿನ ಉಪಗುತ್ತಿಗೆದಾರರಾಗಿ ಆಪ್ತರಿಗೆ ತಿಂಗಳ ಸಂಬಳ ಬೀಳುತ್ತಿತ್ತು. ಈ ಇಡೀ ವ್ಯವಸ್ಥೆಯಲ್ಲಿ ಸ್ಪೀಕರ್ ಅವರ ಬೇಡಿಕೆಯನ್ನು ಕಂಪನಿಗೆ ಮುಟ್ಟಿಸುತ್ತಿದ್ದ ಕೊಂಡಿ ಮೆಕ್‌ಕ್ಲೇನ್. ಪತ್ರ ಮತ್ತು ಫೋನುಗಳಲ್ಲಿ ಅವರು ಮ್ಯಾಡಿಗನ್ ಹೆಸರನ್ನು ಎತ್ತುತ್ತಿದ್ದದ್ದು ಅಪರೂಪ. ‘ನಮ್ಮ ಗೆಳೆಯ’ ಎಂದರೆ ಕೇಳುವವರಿಗೆ ಅರ್ಥವಾಗುತ್ತಿತ್ತು.

2016ರ ಕೊನೆಗೆ ಮೆಕ್‌ಕ್ಲೇನ್ ಲಾಬಿಯಿಂದ ನಿವೃತ್ತಿ ಘೋಷಿಸಿದರು. ಆದರೂ ಕಂಪನಿಯ ಸಲಹೆಗಾರರಾಗಿ ಮುಂದುವರಿದರು, ಸ್ಪೀಕರ್ ಅವರ ಸಂದೇಶಗಳೂ ಅವರ ಮೂಲಕವೇ ಹೋದವು. ಲಾಬಿಗಾರನೆಂಬ ಹಣೆಪಟ್ಟಿ ಕಳಚಿದರೂ ಕೆಲಸ ಬದಲಾಗಲಿಲ್ಲ.

ಕಂಪನಿಯ ಕಡೆಯಿಂದಲೂ ಇಂಥದೇ ಪಯಣ ನಡೆದಿತ್ತು. ಅಂಚೆ ವಿಭಾಗದ ಕೆಳಹಂತದಿಂದ ಕಾರ್ಯಕಾರಿ ಉಪಾಧ್ಯಕ್ಷರ ಹುದ್ದೆಯವರೆಗೆ ಏರಿದ ಜಾನ್ ಹೂಕರ್ 2012ರಲ್ಲಿ ನಿವೃತ್ತರಾಗಿ, ಅದೇ ಕಂಪನಿಯ ಹೊರಗಿನ ಲಾಬಿಗಾರರಾದರು. ಸಿಇಒ ಆಗಿದ್ದ ಆ್ಯನ್ ಪ್ರಮಾಜೋರ್ ಮುಂದೆ ಮಾತೃಸಂಸ್ಥೆಯ ವಿತರಣಾ ವಿಭಾಗದ ಮುಖ್ಯಸ್ಥರಾದರು. ಶಾಸಕ, ಲಾಬಿಗಾರ, ಕಂಪನಿ ಅಧಿಕಾರಿ ಎಂಬ ಮೂರು ಪಾತ್ರಗಳು ಕಾಗದದ ಮೇಲೆ ಬೇರೆಬೇರೆ. ಇಲಿನಾಯ್‌ನಲ್ಲಿ ಅವು ಒಂದೇ ಬಳಗದ ಒಳಗಿನ ಹಂತಗಳಾಗಿದ್ದವು.

5. ನ್ಯಾಯಾಲಯ ಕಂಡ ಗೆರೆ

2023ರ ಮೇ 2ರಂದು ಷಿಕಾಗೋದ ಜ್ಯೂರಿ ಮೆಕ್‌ಕ್ಲೇನ್, ಪ್ರಮಾಜೋರ್, ಹೂಕರ್ ಮತ್ತು ಸಲಹೆಗಾರ ಜೇ ಡೊಹರ್ಟಿ ನಾಲ್ವರನ್ನೂ ತಪ್ಪಿತಸ್ಥರೆಂದಿತು. ಪ್ರತಿವಾದಿಗಳ ವಾದ ಹಗುರವಾದದ್ದಲ್ಲ. ಶಾಸಕರ ವಿಶ್ವಾಸ ಗಳಿಸುವುದು ಲಾಬಿಯ ಸಹಜ ಕೆಲಸ, ನೌಕರಿಗೆ ಶಿಫಾರಸು ರಾಜಕಾರಣದಲ್ಲಿ ಮಾಮೂಲು, ಇಂಥ ಮತಕ್ಕೆ ಇಂಥ ಉಪಕಾರ ಎಂಬ ಕರಾರು ಎಲ್ಲಿದೆ ಎಂದು ಅವರು ಕೇಳಿದರು. 2024ರ ಜೂನ್‌ನಲ್ಲಿ ಸ್ನೈಡರ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಲಂಚದ ಕಾನೂನಿನ ವ್ಯಾಪ್ತಿಯನ್ನು ಕಿರಿದುಗೊಳಿಸಿತು: ಕೆಲಸ ಮುಗಿದ ಮೇಲೆ ಕೊಟ್ಟ ಕೃತಜ್ಞತೆಯ ಕಾಣಿಕೆ ಅದರಡಿ ಬರುವುದಿಲ್ಲ ಎಂದಿತು. ಇದರಿಂದಾಗಿ 2025ರ ಮಾರ್ಚ್‌ನಲ್ಲಿ ನ್ಯಾಯಾಧೀಶ ಮನೀಶ್ ಶಾ ಈ ನಾಲ್ವರ ವಿರುದ್ಧದ ಲಂಚದ ನಾಲ್ಕು ಆರೋಪಗಳ ತೀರ್ಪನ್ನು ರದ್ದುಪಡಿಸಿದರು. ಒಳಸಂಚು ಮತ್ತು ಸುಳ್ಳು ಲೆಕ್ಕದ ಆರೋಪಗಳ ತೀರ್ಪು ಉಳಿಯಿತು. ಮೆಕ್‌ಕ್ಲೇನ್ ಅವರಿಗೆ 2025ರ ಜುಲೈಯಲ್ಲಿ ಎರಡು ವರ್ಷ ಸೆರೆವಾಸ ವಿಧಿಸಲಾಯಿತು.

ಮ್ಯಾಡಿಗನ್ ಅವರ ಸ್ವಂತ ವಿಚಾರಣೆಯಲ್ಲಿ 2025ರ ಫೆಬ್ರವರಿ 12ರಂದು ಜ್ಯೂರಿ 23 ಆರೋಪಗಳಲ್ಲಿ 10ಕ್ಕೆ ಅವರನ್ನು ತಪ್ಪಿತಸ್ಥರೆಂದಿತು. ಜೂನ್‌ನಲ್ಲಿ ಏಳೂವರೆ ವರ್ಷ ಸೆರೆವಾಸದ ಶಿಕ್ಷೆಯಾಯಿತು. ಅದೇ ವಿಚಾರಣೆಯಲ್ಲಿ ಮೆಕ್‌ಕ್ಲೇನ್ ವಿರುದ್ಧದ ಆರೂ ಆರೋಪಗಳ ಬಗ್ಗೆ ಜ್ಯೂರಿಗೆ ಒಮ್ಮತ ಬರಲಿಲ್ಲ. ಹೆಚ್ಚುಕಡಿಮೆ ಅದೇ ನಡವಳಿಕೆಯನ್ನು ಕುರಿತು ಒಂದು ಜ್ಯೂರಿ ಅಪರಾಧ ಎಂದಿತು, ಇನ್ನೊಂದಕ್ಕೆ ನಿರ್ಧರಿಸಲಾಗಲಿಲ್ಲ. ಲಾಬಿ ಎಲ್ಲಿ ಮುಗಿದು ಅಪರಾಧ ಎಲ್ಲಿ ಶುರುವಾಗುತ್ತದೆ ಎಂಬ ಗೆರೆ ಅಷ್ಟು ತೆಳುವಾಗಿದೆ. ಆದ್ದರಿಂದ ಇಡೀ ಭಾರವನ್ನು ದಂಡಸಂಹಿತೆಯ ಮೇಲೆ ಹೊರಿಸಿ ಕೂರುವುದು ಸರಿಯಲ್ಲ.

6. ಕಾಲಮಿತಿಯ ಕೊರತೆ

ಹಗರಣದ ನಂತರ ಇಲಿನಾಯ್ 2021ರಲ್ಲಿ ಹೊಸ ನೀತಿ ಕಾನೂನು ತಂದಿತು. ಅದರಲ್ಲಿ ಮಾಜಿ ಶಾಸಕರಿಗೆ ಹಾಕಿದ ನಿರ್ಬಂಧ ಆರು ತಿಂಗಳಿಗೆ ಮಾತ್ರ. ಸುಧಾರಣೆ ಸಾಲದೆಂದು ಶಾಸನಸಭೆಯ ಮಹಾನಿರೀಕ್ಷಕಿ ಕ್ಯಾರೊಲ್ ಪೋಪ್ ಆ ವರ್ಷವೇ ರಾಜೀನಾಮೆ ಘೋಷಿಸಿದರು. ಇನ್ನೊಂದು ಕೊನೆಯಲ್ಲಿ ಫ್ಲಾರಿಡಾ ಇದೆ: 2018ರಲ್ಲಿ ಮತದಾರರು ಒಪ್ಪಿದ ತಿದ್ದುಪಡಿಯಂತೆ ಅಲ್ಲಿನ ನಿರ್ಬಂಧ ಆರು ವರ್ಷದ್ದು. ಆರು ತಿಂಗಳಿರಲಿ, ಆರು ವರ್ಷವಿರಲಿ, 1982ರಲ್ಲಿ ಸೋತ ಮೆಕ್‌ಕ್ಲೇನ್ ಅವರನ್ನು 2011ರಲ್ಲಿ ಇವುಗಳಲ್ಲಿ ಯಾವುದೂ ತಡೆಯುತ್ತಿರಲಿಲ್ಲ.

ಇದಕ್ಕೆ ಕಾರಣವನ್ನು ಅರ್ಥಶಾಸ್ತ್ರದ ಅಧ್ಯಯನವೊಂದು ಚೆನ್ನಾಗಿ ತೋರಿಸುತ್ತದೆ. ಬ್ಲಾನೆಸ್ ಇ ವಿದಾಲ್, ಡ್ರಾಕಾ ಮತ್ತು ಫಾನ್ಸ್-ರೋಸೆನ್ 2012ರಲ್ಲಿ ಅಮೆರಿಕನ್ ಇಕನಾಮಿಕ್ ರಿವ್ಯೂ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ವಾಷಿಂಗ್ಟನ್ನಿನ ಲಾಬಿಗಾರರನ್ನು ಕುರಿತದ್ದು. ಸೆನೆಟರ್ ಒಬ್ಬರ ಕಚೇರಿಯಲ್ಲಿ ದುಡಿದು ಲಾಬಿಗಾರರಾದವರ ಆದಾಯ, ಆ ಸೆನೆಟರ್ ಹುದ್ದೆ ಬಿಟ್ಟಾಗ ಶೇ 24ರಷ್ಟು ಕುಸಿಯುತ್ತದೆಂದು ಅವರು ಕಂಡರು. ಅನುಭವ, ವಿಷಯಜ್ಞಾನ ಯಾವುದೂ ಆ ದಿನ ಕಡಿಮೆಯಾಗಿರುವುದಿಲ್ಲ. ಬೆಲೆಯಿದ್ದದ್ದು ಪರಿಚಯಕ್ಕೆ. ಹಾಗಿದ್ದರೆ ಮಾಜಿ ಶಾಸಕನ ವಶೀಲಿ ನಿಂತಿರುವುದು ಅವನು ಎಂದು ಹುದ್ದೆ ಬಿಟ್ಟ ಎಂಬುದರ ಮೇಲಲ್ಲ, ಅವನ ಗೆಳೆಯ ಇನ್ನೂ ಪೀಠದಲ್ಲಿ ಕೂತಿದ್ದಾನೆಯೇ ಎಂಬುದರ ಮೇಲೆ. ಮ್ಯಾಡಿಗನ್ ಕೂತೇ ಇದ್ದರು. ಮೆಕ್‌ಕ್ಲೇನ್ ಅವರ ಬೆಲೆ ಇಳಿಯಲಿಲ್ಲ.

7. ಸಮಾರೋಪ

ಈ ಅಧ್ಯಯನದಿಂದ ಮೂರು ಸಂಗತಿಗಳು ಹೊರಡುತ್ತವೆ. ಮೊದಲನೆಯದು, ಸರ್ಕಾರ ದರ ನಿಗದಿಪಡಿಸುವ ಕಂಪನಿಗಳಿಗೆ ಶಾಸಕರಿಂದ ಬರುವ ಪ್ರತಿಯೊಂದು ನೌಕರಿ ಶಿಫಾರಸೂ ಬರವಣಿಗೆಯಲ್ಲಿರಬೇಕು, ಸಾರ್ವಜನಿಕರ ಕಣ್ಣಿಗೆ ಬೀಳಬೇಕು. ಎರಡನೆಯದು, ಇಂಥ ಕಂಪನಿಗಳ ಸಲಹಾ ಗುತ್ತಿಗೆಗಳಲ್ಲಿ ಉಪಗುತ್ತಿಗೆದಾರರ ಹೆಸರು ಮತ್ತು ಅವರು ಮಾಡಿದ ಕೆಲಸದ ವಿವರ ಕಡ್ಡಾಯವಾಗಬೇಕು. ಆ ಒಂದು ಸಾಲು ಕಾಮ್‌ಎಡ್‌ನ ಪುಸ್ತಕದಲ್ಲಿದ್ದಿದ್ದರೆ ಈ ವ್ಯವಸ್ಥೆ ಎಂಟು ವರ್ಷ ನಡೆಯುವುದು ಕಷ್ಟವಿತ್ತು. ಮೂರನೆಯದು, ಒಂದೇ ಪೀಠದಲ್ಲಿ ಒಬ್ಬರೇ ದಶಕಗಟ್ಟಲೆ ಕೂರುವುದಕ್ಕೆ ಮಿತಿ ಬೇಕು. ಸ್ಪೀಕರ್ ಬದಲಾಗುವ ಸದನದಲ್ಲಿ ಒಬ್ಬನ ಮುಲಾಜನ್ನೇ ನಂಬಿ ಲಾಬಿಗಾರ ನಲವತ್ತು ವರ್ಷ ಬದುಕಲಾರ.

ಮಾಜಿ ಶಾಸಕರನ್ನು ಕೆಲಕಾಲ ಸದನದ ಬಾಗಿಲಿನಿಂದ ದೂರವಿಡುವುದು ಸುಲಭ, ಅದರಿಂದ ಒಳಗಿನ ವ್ಯವಹಾರ ಶುದ್ಧವಾಗದು. ವಿದ್ಯುತ್ ಬಿಲ್ಲು ಕಟ್ಟುವ ಸಾಮಾನ್ಯ ಗ್ರಾಹಕನಿಗೆ ಸಲ್ಲಬೇಕಾದ ನ್ಯಾಯವನ್ನು, ಯಾರು ಯಾರಿಗೆ ಏನು ಕೇಳಿದರು ಎಂಬುದನ್ನು ಬಯಲಿಗಿಡುವ ಕಾನೂನು ಮಾತ್ರ ದೊರಕಿಸಬಲ್ಲದು.