ಮನೆಪತ್ರ ಓದಿ ಹೇಳಿದವರು

ಇಂಗ್ಲಿಷ್ ಸಾಹಿತ್ಯವನ್ನು ಪಠ್ಯವಾಗಿ ಓದಿದವರಲ್ಲಿ ಅನೇಕರಿಗೆ ಲೊರೇನ್ ಹ್ಯಾನ್ಸ್‌ಬೆರಿಯ 'ಎ ರೈಸಿನ್ ಇನ್ ದ ಸನ್' ನಾಟಕದ ಪರಿಚಯವಿರುತ್ತದೆ. ತೀರಿಕೊಂಡ ಯಜಮಾನನ ವಿಮೆಯಿಂದ ಬರುವ ಹತ್ತು ಸಾವಿರ ಡಾಲರ್, ಆ ಹಣದ ಒಂದು ಪಾಲನ್ನು ಮುಂಗಡ ಕೊಟ್ಟು ಬಿಳಿಯರ ಬಡಾವಣೆಯಲ್ಲಿ ಮನೆ ಹಿಡಿಯುವ ತಾಯಿ, ದಯವಿಟ್ಟು ಬರಬೇಡಿರೆಂದು ಹಣದ ಆಮಿಷ ಒಡ್ಡಲು ಬರುವ ಬಡಾವಣೆಯ ಪ್ರತಿನಿಧಿ. ಕಥೆ ಸ್ಥೂಲವಾಗಿ ಇಷ್ಟೇ. 1959ರಲ್ಲಿ ಬ್ರಾಡ್‌ವೇ ರಂಗಮಂದಿರವನ್ನೇರಿದಾಗ, ಕಪ್ಪು ಮಹಿಳೆಯೊಬ್ಬಳು ಬರೆದ ಕೃತಿ ಅಲ್ಲಿ ಪ್ರದರ್ಶನಗೊಂಡದ್ದು ಅದೇ ಮೊದಲು. ನಮ್ಮ ತರಗತಿಯಲ್ಲಿ ಇದನ್ನು ಕನಸು, ಸ್ವಾಭಿಮಾನ, ತಲೆಮಾರುಗಳ ಸಂಘರ್ಷ ಎಂಬ ತಲೆಬರಹಗಳಡಿ ಟಿಪ್ಪಣಿ ಮಾಡಿಕೊಂಡೆವು. ಮನೆಯೆಂಬುದು ಅಲ್ಲೊಂದು ಸಂಕೇತವಾಗಿತ್ತು. ಅದು ಕ್ರಯಪತ್ರ, ಬಡ್ಡಿ, ಕಂತು, ನ್ಯಾಯಾಲಯದ ಮೊಹರು ಎಲ್ಲವನ್ನೂ ಹೊತ್ತ ಇಟ್ಟಿಗೆಯ ಮನೆಯೂ ಹೌದೆಂಬುದನ್ನು ನಮಗೆ ಯಾರೂ ಹೇಳಿಕೊಡಲಿಲ್ಲ.

ಆ ಮನೆ ನಿಜಕ್ಕೂ ಇತ್ತು. ನಾಟಕಕಾರ್ತಿಯ ತಂದೆ ಕಾರ್ಲ್ ಹ್ಯಾನ್ಸ್‌ಬೆರಿ 1937ರಲ್ಲಿ ಶಿಕಾಗೋ ನಗರದ ದಕ್ಷಿಣ ಭಾಗದ ರೋಡ್ಸ್ ಅವೆನ್ಯೂದಲ್ಲಿ ಒಂದು ಮನೆಯನ್ನು ಕೊಂಡರು. ಆ ಪ್ರದೇಶದ ಮಾಲೀಕರಲ್ಲಿ ಅನೇಕರು ಸೇರಿ ಮೊದಲೇ ಒಂದು ಒಡಂಬಡಿಕೆ ಬರೆದುಕೊಂಡಿದ್ದರು: ಇಲ್ಲಿನ ಮನೆಗಳನ್ನು ಕಪ್ಪು ಜನರಿಗೆ ಮಾರಕೂಡದು, ಬಾಡಿಗೆಗೂ ಕೊಡಕೂಡದು. ಮನೆಯ ಮುಂದೆ ಗುಂಪು ಸೇರಿತು. ಕಿಟಕಿಯಿಂದ ಒಳಬಂದ ಇಟ್ಟಿಗೆಯ ಚೂರೊಂದು ಬಾಲಕಿ ಲೊರೇನಳನ್ನು ಸ್ವಲ್ಪದರಲ್ಲಿ ತಪ್ಪಿಸಿತು. ವ್ಯಾಜ್ಯ ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 1940ರಲ್ಲಿ ಹ್ಯಾನ್ಸ್‌ಬೆರಿ ಗೆದ್ದರು. ಆದರೆ ಗೆದ್ದದ್ದು ಕಾರ್ಯವಿಧಾನದ ಒಂದು ಲೋಪದ ಮೇಲೆ. ಅಂಥ ಒಡಂಬಡಿಕೆಯೇ ತಪ್ಪೆಂದು ನ್ಯಾಯಾಲಯ ಆಗ ಹೇಳಲಿಲ್ಲ. ಅದನ್ನು ಜಾರಿಗೊಳಿಸಲು ನ್ಯಾಯಾಲಯಗಳು ನೆರವಾಗತಕ್ಕದ್ದಲ್ಲ ಎಂಬ ತೀರ್ಪು ಬಂದದ್ದು 1948ರಲ್ಲಿ, ಶೆಲ್ಲಿ ಮತ್ತು ಕ್ರೇಮರ್ ಮೊಕದ್ದಮೆಯಲ್ಲಿ.

ಒಡಂಬಡಿಕೆಗಿಂತ ಹೆಚ್ಚು ಬಲವುಳ್ಳದ್ದು ನಕ್ಷೆ. ಆರ್ಥಿಕ ಕುಸಿತದ ಕಾಲದಲ್ಲಿ, 1933ರಲ್ಲಿ, ಮನೆ ಕಳೆದುಕೊಳ್ಳುತ್ತಿದ್ದವರ ಸಾಲವನ್ನು ತಾನು ವಹಿಸಿಕೊಳ್ಳಲು ಅಮೆರಿಕ ಸರ್ಕಾರ ಒಂದು ನಿಗಮವನ್ನು ಸ್ಥಾಪಿಸಿತು. ಈ ನಿಗಮ ನಗರಗಳ ನಕ್ಷೆ ತಯಾರಿಸಿ ಬಡಾವಣೆಗಳಿಗೆ ಹಸಿರು, ನೀಲಿ, ಹಳದಿ, ಕೆಂಪು ಎಂದು ಬಣ್ಣ ಹಚ್ಚಿತು. ಕೆಂಪು ಎಂದರೆ ಸಾಲಕ್ಕೆ ಅಪಾಯದ ಜಾಗ. ಕಪ್ಪು ಕುಟುಂಬಗಳಿದ್ದ ಬಡಾವಣೆ ಬಹುತೇಕ ಕೆಂಪೇ. 1934ರಲ್ಲಿ ಹುಟ್ಟಿದ ಸಂಯುಕ್ತ ಗೃಹ ಆಡಳಿತವು ಬ್ಯಾಂಕುಗಳ ಗೃಹಸಾಲಕ್ಕೆ ವಿಮೆ ನೀಡತೊಡಗಿದಾಗ ಇದೇ ದೃಷ್ಟಿಯನ್ನು ತನ್ನ ಕೈಪಿಡಿಯೊಳಗೆ ಬರೆದುಕೊಂಡಿತು. ಸರ್ಕಾರಿ ಕಡತಗಳ ನಡುವೆಯೇ ಬದುಕು ಸವೆಸುವ ನನಗೆ ಈ ಕೈಪಿಡಿಯ ಸಂಗತಿ ಕಲ್ಲೆಸೆದ ಗುಂಪಿಗಿಂತ ಹೆಚ್ಚು ಭಯ ಹುಟ್ಟಿಸುತ್ತದೆ. ಗುಂಪು ರಾತ್ರಿ ಕಳೆದ ಮೇಲೆ ಚದುರುತ್ತದೆ. ಕೈಪಿಡಿ ಮೇಜಿನ ಮೇಲೆ ದಶಕಗಟ್ಟಲೆ ಕೂತಿರುತ್ತದೆ, ಅದನ್ನು ಅನುಸರಿಸುವ ಗುಮಾಸ್ತನಿಗೆ ಯಾರ ಮೇಲೂ ದ್ವೇಷವಿರಬೇಕಾಗಿಲ್ಲ.

ಬ್ಯಾಂಕು ಬಾಗಿಲು ಮುಚ್ಚಿದಲ್ಲಿ ದಲ್ಲಾಳಿ ಬಾಗಿಲು ತೆರೆಯುತ್ತಾನೆ. ಶಿಕಾಗೋದಲ್ಲಿ ಆ ಬಾಗಿಲಿನ ಹೆಸರು ಕರಾರು ಮಾರಾಟ. ವಿಧಾನ ಸರಳ. ಸಟ್ಟಾ ವ್ಯಾಪಾರಿ ಹೆದರಿದ ಬಿಳಿಯನಿಂದ ಅಗ್ಗಕ್ಕೆ ಮನೆ ಕೊಂಡು, ಸಾಲ ಸಿಗದ ಕಪ್ಪು ಕುಟುಂಬಕ್ಕೆ ದುಪ್ಪಟ್ಟು ಬೆಲೆಗೆ ಕಂತಿನ ಮೇಲೆ ಮಾರುತ್ತಾನೆ. ಕೊಂಡವನು ಮುಂಗಡ ಕೊಡುತ್ತಾನೆ, ತಿಂಗಳ ಕಂತು ಕೊಡುತ್ತಾನೆ, ತೆರಿಗೆ ಕಟ್ಟುತ್ತಾನೆ, ಸೋರುವ ಮಾಡನ್ನೂ ತಾನೇ ರಿಪೇರಿ ಮಾಡಿಸುತ್ತಾನೆ. ಆದರೆ ಕೊನೆಯ ಕಂತು ಸಲ್ಲುವವರೆಗೆ ಹಕ್ಕುಪತ್ರ ಮಾರಿದವನ ಹೆಸರಿನಲ್ಲೇ. ಒಂದೇ ಒಂದು ಕಂತು ತಪ್ಪಿದರೂ ಮನೆಯೂ ಹೋಯಿತು, ಅದುವರೆಗೆ ಕೊಟ್ಟದ್ದೂ ಹೋಯಿತು; ಮರುವಾರ ಅದೇ ಮನೆ ಮತ್ತೊಬ್ಬ ಆಶಾವಂತನಿಗೆ ಮಾರಾಟ. ಮಾಲೀಕನ ಹೊಣೆಯೆಲ್ಲ ಇದೆ, ಹಕ್ಕಿಲ್ಲ. ಬಾಡಿಗೆದಾರನ ಅತಂತ್ರವೆಲ್ಲ ಇದೆ, ಅವನಿಗಿರುವ ರಕ್ಷಣೆಯಿಲ್ಲ. ಮಿಸಿಸಿಪಿಯಿಂದ ವಲಸೆ ಬಂದ ಕ್ಲೈಡ್ ರಾಸ್ ಎಂಬವರು 1961ರಲ್ಲಿ ನಾರ್ತ್ ಲಾನ್‌ಡೇಲ್‌ನಲ್ಲಿ ಹೀಗೆ ಒಂದು ಮನೆಯನ್ನು 27,500 ಡಾಲರಿಗೆ ಕೊಂಡರು. ಮಾರಿದವನು ಆರು ತಿಂಗಳ ಹಿಂದೆ ಅದಕ್ಕೆ ಕೊಟ್ಟಿದ್ದು 12,000 ಡಾಲರ್.

ಈ ಎರಡನೆಯ ಅಂಕಿಯೇ ಇಲ್ಲಿ ಮುಖ್ಯ. ಏಕೆಂದರೆ ಕೊಂಡವರಿಗೆ ಅದು ಗೊತ್ತಿರಲಿಲ್ಲ. ಮಾರ್ಕ್ ಸ್ಯಾಟರ್ ಎಂಬ ವಕೀಲರು ಒಬ್ಬೊಬ್ಬ ಕಕ್ಷಿಗಾರನಿಗಾಗಿ ಹೋರಾಡಿ, 1965ರಲ್ಲಿ ನಲವತ್ತೊಂಬತ್ತರ ವಯಸ್ಸಿಗೇ ತೀರಿಕೊಂಡರು. (ಅವರ ಮಗಳು ಬೆರಿಲ್ ಸ್ಯಾಟರ್ ಮುಂದೆ ಇತಿಹಾಸಕಾರ್ತಿಯಾಗಿ ಈ ಕರಾರುಗಳ ಕಥೆಯನ್ನು 'ಫ್ಯಾಮಿಲಿ ಪ್ರಾಪರ್ಟೀಸ್' ಎಂಬ ಪುಸ್ತಕದಲ್ಲಿ ಬರೆದರು, ತಂದೆಯನ್ನು ಕುರಿತು ಬರೆಯುವಾಗಲೂ ಲೆಕ್ಕ ತಪ್ಪದ ಪುಸ್ತಕವದು.) 1967–68ರಲ್ಲಿ ಜ್ಯಾಕ್ ಮೆಕ್‌ನಮಾರಾ ಎಂಬ ಜೆಸ್ವಿಟ್ ವಿದ್ಯಾರ್ಥಿ ಹಾಗೂ ಆತನೊಡನೆ ಬಂದ ಕಾಲೇಜು ಹುಡುಗರು ಲಾನ್‌ಡೇಲ್‌ನ ಮನೆಮನೆಗೂ ಹೋದರು. ಬಳಿಕ ಜಿಲ್ಲಾ ನೋಂದಣಿ ಕಚೇರಿಗೆ ಹೋಗಿ ಒಂದೊಂದು ಮನೆಯ ಹಿಂದಿನ ಮಾರಾಟದ ದಾಖಲೆಗಳನ್ನು ಹುಡುಕಿ ತೆಗೆದರು. ಅದುವರೆಗೆ ಪ್ರತಿ ಕುಟುಂಬವೂ ತಾನೊಬ್ಬನೇ ಮೋಸಹೋದವನೆಂಬ ನಾಚಿಕೆಯಲ್ಲಿ ನೆರೆಯವರಿಂದ ಸಂಗತಿಯನ್ನು ಬಚ್ಚಿಟ್ಟಿತ್ತು. ಸಭೆಯಲ್ಲಿ ಒಬ್ಬರು ಎದ್ದು ತಮ್ಮ ಬೆಲೆ ಹೇಳಿದಾಗ ಮತ್ತೊಬ್ಬರು ಎದ್ದರು. ಕರಾರು ಖರೀದಿದಾರರ ಒಕ್ಕೂಟ ಹುಟ್ಟಿದ್ದು ಹೀಗೆ.

ಒಕ್ಕೂಟದ ಸದಸ್ಯರು ಕಂತು ಕಟ್ಟುವುದನ್ನು ನಿಲ್ಲಿಸಿ ಆ ಹಣವನ್ನು ಬೇರೆಯಾಗಿ ಕೂಡಿಟ್ಟರು. ಪೊಲೀಸರು ಬಂದು ಸಾಮಾನುಗಳನ್ನು ಬೀದಿಗೆ ಹಾಕಿದರೆ ನೆರೆಹೊರೆಯವರು ಮತ್ತೆ ಒಳಗಿಟ್ಟರು. ನ್ಯಾಯಾಲಯದಲ್ಲಿ ಅವರು ಸೋತರು. ಆದರೆ ಆ ಸೋಲಿನ ಮೊದಲೇ ನೂರಾರು ಕರಾರುಗಳು ಹೊಸ ಬೆಲೆಗೆ ಮರಳಿ ಬರೆಯಲ್ಪಟ್ಟಿದ್ದವು.

ಅದೇ 1968ರಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ಇನ್ನೊಂದು ಪ್ರಯತ್ನ ನಡೆಯಿತು. ಸೆಂಟ್ರಲ್ ನಾರ್ತ್ ಸೈಡ್ ಎಂಬ ಬಡಾವಣೆಯ ಗೃಹಿಣಿ ಡೊರೊತಿ ಮೇ ರಿಚರ್ಡ್‌ಸನ್. ಅಲ್ಲಿನ ಮನೆಗಳು ಹಳೆಯವು, ಮಾಲೀಕರು ದೂರವಾಸಿಗಳು, ಇಲಿಗಳ ಕಾಟ. ರಿಪೇರಿಗೆ ಸಾಲ ಕೇಳಿದರೆ ಬ್ಯಾಂಕಿನವರಿಗೆ ಬಡಾವಣೆಯ ಹೆಸರೇ ಸಾಕು. ಇಡೀ ಪ್ರದೇಶವನ್ನು ಕೆಡವಿ ಹೊಸದು ಕಟ್ಟುವ ಯೋಜನೆಗಳು ನಗರಾಡಳಿತದ ಮುಂದಿದ್ದ ಕಾಲ. ಕೆಡವಬೇಡಿ, ಸಾಲ ಕೊಡಿ ಎಂಬುದು ರಿಚರ್ಡ್‌ಸನ್ ಮತ್ತು ನೆರೆಯವರ ವಾದ. ಹದಿನಾರು ಹಣಕಾಸು ಸಂಸ್ಥೆಗಳನ್ನು ಅವರು ಒಪ್ಪಿಸಿದರು. ಬ್ಯಾಂಕಿನ ನಿಯಮಕ್ಕೆ ಎಟುಕದ ಕುಟುಂಬಗಳಿಗಾಗಿ ದತ್ತಿಹಣದಿಂದ ಒಂದು ಆವರ್ತ ನಿಧಿ ಸ್ಥಾಪನೆಯಾಯಿತು. ಲಾಭವಿಲ್ಲದ ಒಂದು ಸಣ್ಣ ಕಚೇರಿ, ಅದರ ಆಡಳಿತ ಮಂಡಳಿಯಲ್ಲಿ ನಿವಾಸಿಗಳು, ಬ್ಯಾಂಕಿನವರು, ನಗರಸಭೆಯವರು. ಕುಟುಂಬದವರು ಬಂದು ಕೂತರೆ ಆದಾಯವೆಷ್ಟು, ಸಾಲವೆಷ್ಟು, ಮಾಡು ಮೊದಲೋ ಕೊಳಾಯಿ ಮೊದಲೋ, ಗುತ್ತಿಗೆದಾರ ಹೇಳುವ ದರ ಸರಿಯೋ ಎಂಬುದನ್ನೆಲ್ಲ ಕೂತು ಲೆಕ್ಕಹಾಕಿ ಹೇಳುವ ವ್ಯವಸ್ಥೆ. 1978ರಲ್ಲಿ ಅಮೆರಿಕದ ಸಂಸತ್ತು ಈ ಮಾದರಿಯನ್ನು ದೇಶದಾದ್ಯಂತ ಹಬ್ಬಿಸಲು ಒಂದು ನಿಗಮ ರಚಿಸಿತು. ಇಂದು ಅದರ ಹೆಸರು ನೇಬರ್‌ವರ್ಕ್ಸ್ ಅಮೆರಿಕ.

ಸರ್ಕಾರವೂ ಸುಮ್ಮನಿರಲಿಲ್ಲ. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಒಂದೇ ವಾರದಲ್ಲಿ ವಸತಿಯಲ್ಲಿ ಭೇದ ಮಾಡಕೂಡದೆಂಬ ಕಾನೂನು ಜಾರಿಗೆ ಬಂತು. ಆಗಸ್ಟ್‌ನಲ್ಲಿ ಬಂದ ವಸತಿ ಕಾಯ್ದೆಯು ಬಡವರು ಮನೆ ಕೊಳ್ಳಲು ಬಡ್ಡಿಯ ಹೊರೆಯನ್ನು ಶೇಕಡಾ 1ರವರೆಗೂ ಇಳಿಸುವ ಸಹಾಯಧನ ಕೊಟ್ಟಿತು; ಜೊತೆಗೆ ಕೊಳ್ಳುವವರಿಗೆ ಸಲಹೆ ನೀಡುವ ವ್ಯವಸ್ಥೆಗೂ ಮಂಜೂರಾತಿಯಿತ್ತಿತು. ಸಹಾಯಧನಕ್ಕೆ ಹಣ ಬಂತು. ಸಲಹೆಗೆ ಮೊದಲ ವರ್ಷಗಳಲ್ಲಿ ಬರಲಿಲ್ಲ. ಮಂಜೂರಾತಿ ಒಂದು, ಹಣ ಬಿಡುಗಡೆ ಇನ್ನೊಂದು ಎಂಬುದನ್ನು ಕೇಂದ್ರ ಸರ್ಕಾರದ ನೌಕರನಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಫಲ ಘೋರವಾಯಿತು. ದಲ್ಲಾಳಿಗಳು ಕುಸಿಯುವ ಮನೆಗಳಿಗೆ ಸುಣ್ಣಬಣ್ಣ ಬಳಿದು, ಲಂಚ ತಿಂದ ಮೌಲ್ಯಮಾಪಕರಿಂದ ಹೆಚ್ಚಿನ ಬೆಲೆ ಬರೆಸಿ, ಸರ್ಕಾರಿ ವಿಮೆಯ ಸಾಲದ ಮೇಲೆ ಬಡ ಕುಟುಂಬಗಳಿಗೆ ಮಾರಿದರು. ಕೊಂಡವರಲ್ಲಿ ಮಕ್ಕಳನ್ನು ಒಬ್ಬಳೇ ಸಾಕುತ್ತಿದ್ದ ಕಪ್ಪು ತಾಯಂದಿರು ಬಹಳ. ಚಳಿಗಾಲದಲ್ಲಿ ಬಿಸಿನೀರಿನ ಬಾಯ್ಲರ್ ಒಡೆದರೆ ರಿಪೇರಿಗೆ ಹಣವಿಲ್ಲ, ಕಂತು ತಪ್ಪುತ್ತದೆ, ಮನೆ ಬಿಟ್ಟು ಹೋಗುತ್ತಾರೆ. ಸಾಲಕೊಟ್ಟ ಕಂಪನಿಗೆ ಸರ್ಕಾರದಿಂದ ಪೂರ್ಣ ಪರಿಹಾರ. ಡೆಟ್ರಾಯಿಟ್ ನಗರದಲ್ಲಿ ಇಂಥ ಪಾಳುಮನೆಗಳು ಸಾವಿರಾರು. 1973ರ ಜನವರಿಯಲ್ಲಿ ನಿಕ್ಸನ್ ಸರ್ಕಾರ ಯೋಜನೆಯನ್ನೇ ತಡೆಹಿಡಿಯಿತು. ಇತಿಹಾಸಕಾರ್ತಿ ಕೀಯಾಂಗಾ-ಯಮಾಟಾ ಟೇಲರ್ ತೋರಿಸುವಂತೆ, ಆಗ ಅಧಿಕಾರಿಗಳ ಬಾಯಲ್ಲಿ ಬಂದ ವಿವರಣೆ ಕೊಂಡವರ ಅಜ್ಞಾನವನ್ನು ಕುರಿತದ್ದು: ಮನೆ ನಡೆಸುವುದು ಅವರಿಗೆ ತಿಳಿಯದು.

ಗೃಹಸಲಹೆಯ ಇತಿಹಾಸದ ಮುಳ್ಳು ಇರುವುದು ಇಲ್ಲೇ. ಬಡವರಿಗೆ ಲೆಕ್ಕ ಕಲಿಸಬೇಕು ಎಂಬ ಮಾತಿನೊಳಗೆ, ತಪ್ಪು ಅವರ ಲೆಕ್ಕದಲ್ಲಿದೆ ಎಂಬ ಧ್ವನಿ ಸುಲಭವಾಗಿ ಸೇರಿಕೊಳ್ಳುತ್ತದೆ. ಕ್ಲೈಡ್ ರಾಸ್‌ಗೆ ಲೆಕ್ಕ ಬರುತ್ತಿತ್ತು. ಅವರಿಗೆ ಬಾರದೆ ಹೋದದ್ದು ಬ್ಯಾಂಕಿನ ಸಾಲ. ಆದ್ದರಿಂದ ಲಾನ್‌ಡೇಲ್‌ನ ಹುಡುಗರು ನೋಂದಣಿ ಕಚೇರಿಯಲ್ಲಿ ಮಾಡಿದ್ದೇ ನನ್ನ ಮಟ್ಟಿಗೆ ಈ ವೃತ್ತಿಯ ನಿಜವಾದ ಆರಂಭ. ಕುಟುಂಬದ ಖರ್ಚಿನ ಪಟ್ಟಿಯನ್ನು ಮಾತ್ರವಲ್ಲ, ಎದುರಿನವನ ಕಾಗದವನ್ನೂ ಅವರು ಓದಿ ಹೇಳಿದರು. ಶಿಕಾಗೋದ ಗೇಲ್ ಸಿಂಕೋಟಾ ಎಂಬ ಗೃಹಿಣಿ ಇದೇ ಬೇಡಿಕೆಯನ್ನು ದೇಶದ ಮಟ್ಟಕ್ಕೆ ಒಯ್ದರು. ಯಾವ ಬ್ಯಾಂಕು ಯಾವ ಬಡಾವಣೆಗೆ ಎಷ್ಟು ಸಾಲ ಕೊಟ್ಟಿತೆಂದು ಬಹಿರಂಗಪಡಿಸಬೇಕೆಂಬ 1975ರ ಕಾಯ್ದೆ, ಠೇವಣಿ ಪಡೆಯುವ ಬಡಾವಣೆಯ ಸಾಲದ ಅಗತ್ಯವನ್ನೂ ಬ್ಯಾಂಕು ಪೂರೈಸಬೇಕೆಂಬ 1977ರ ಕಾಯ್ದೆ, ಇವೆರಡರ ಹಿಂದೆಯೂ ಅವರ ಸಂಘಟನೆಯ ಒತ್ತಡವಿತ್ತು.

ಮುಂದಿನ ಮೂರು ದಶಕಗಳಲ್ಲಿ ಸಲಹಾ ಕೇಂದ್ರಗಳು ಹೆಚ್ಚಿದವು. ವೃದ್ಧರು ಮನೆಯನ್ನು ಒತ್ತೆಯಿಟ್ಟು ಪಡೆಯುವ ಸರ್ಕಾರಿ ವಿಮೆಯ ಸಾಲಕ್ಕೆ ಸಲಹೆ ಕಡ್ಡಾಯವಾಯಿತು. ಅನಂತರ ಬಂದದ್ದು 2007ರ ಕುಸಿತ. ಮೊದಲ ಎರಡು ವರ್ಷ ಬಡ್ಡಿ ಕಡಿಮೆ, ಬಳಿಕ ಏಕಾಏಕಿ ಏರಿಕೆ. ಕಾಗದದ ಒಳಪುಟದಲ್ಲಿ ಇದೆಲ್ಲ ಬರೆದೇ ಇರುತ್ತಿತ್ತು. ಒಂದು ಕಾಲಕ್ಕೆ ಕಪ್ಪು ಬಡಾವಣೆಗೆ ಸಾಲವೇ ಇರಲಿಲ್ಲ, ಈಗ ದುಬಾರಿ ಸಾಲವೇ ಬಾಗಿಲಿಗೆ ಬಂತು. ಎರಡು ಲಕ್ಷಕ್ಕೂ ಹೆಚ್ಚು ಕಪ್ಪು ಹಾಗೂ ಹಿಸ್ಪ್ಯಾನಿಕ್ ಸಾಲಗಾರರಿಂದ ಹೆಚ್ಚು ವಸೂಲಿ ಮಾಡಿದ ಆಪಾದನೆಯ ಮೇಲೆ ಕಂಟ್ರಿವೈಡ್ ಕಂಪನಿಯ ಪ್ರಕರಣ 2011ರಲ್ಲಿ 33.5 ಕೋಟಿ ಡಾಲರ್ ಪರಿಹಾರದೊಂದಿಗೆ ಇತ್ಯರ್ಥವಾಯಿತು. ಮನೆ ಹರಾಜಿಗೆ ಬಂದವರಿಗಾಗಿ ಸಂಸತ್ತು 2007ರ ಡಿಸೆಂಬರಿನಲ್ಲಿ ಸಲಹಾ ಕಾರ್ಯಕ್ಕೆ ವಿಶೇಷ ಅನುದಾನ ಕೊಟ್ಟಿತು. ಸಲಹೆ ಪಡೆದವರಿಗೆ ಸಾಲದ ಷರತ್ತು ಸಡಿಲಗೊಂಡು ಕಂತು ಇಳಿಯುವ ಸಾಧ್ಯತೆ ಹೆಚ್ಚೆಂದು ಆ ಕಾರ್ಯಕ್ರಮದ ಮೌಲ್ಯಮಾಪನಗಳಲ್ಲಿ ಕಂಡುಬಂತು. ಸಲಹೆಗಾರ ಮಾಡುತ್ತಿದ್ದುದು ಬಹಳ ಸಾಮಾನ್ಯ ಕೆಲಸ: ಸಂಬಳದ ಚೀಟಿ ಜೋಡಿಸುವುದು, ಅರ್ಜಿ ತುಂಬುವುದು, ಕಳೆದುಹೋಯಿತೆಂದು ಬ್ಯಾಂಕು ಹೇಳಿದ ಕಾಗದವನ್ನು ಮೂರನೆಯ ಸಲ ಕಳಿಸುವುದು. ಇದೇ ಕೇಂದ್ರಗಳಲ್ಲಿ ಹಲವು ತಮ್ಮ ಖರ್ಚಿನ ಒಂದು ಭಾಗಕ್ಕೆ ಬ್ಯಾಂಕುಗಳ ದೇಣಿಗೆಯನ್ನೇ ಅವಲಂಬಿಸಿದ್ದವೆಂಬುದೂ ನಿಜ, ಆ ಇಕ್ಕಟ್ಟು ಇನ್ನೂ ಬಗೆಹರಿದಿಲ್ಲ.

ಊರು ಬಿಟ್ಟು ಬಂದ ನಮಗೆ ಇದರಲ್ಲೇನು ಎಂದರೆ, ಮನೆ ಹುಡುಕುವಾಗ ಏನು ತಿನ್ನುತ್ತೀರಿ, ಯಾವ ಜನ ಎಂಬ ಪ್ರಶ್ನೆಗಳಿಗೆ ಉತ್ತರಿಸದ ಕನ್ನಡಿಗ ದೆಹಲಿಯಲ್ಲೋ ಮುಂಬಯಿಯಲ್ಲೋ ವಿರಳ. ಕೊಳ್ಳುವಾಗ ನಮಗೆ ಸಿಗುವ 'ಹೋಮ್ ಲೋನ್ ಕೌನ್ಸೆಲರ್' ಸಾಮಾನ್ಯವಾಗಿ ಸಾಲ ಮಾರುವ ಸಂಸ್ಥೆಯವನೇ. ಸರ್ಕಾರಿ ನೌಕರನಿಗೆ ಮೂವತ್ತನಾಲ್ಕು ತಿಂಗಳ ಮೂಲವೇತನದಷ್ಟು, ಹೆಚ್ಚೆಂದರೆ 25 ಲಕ್ಷ ರೂಪಾಯಿ, ಗೃಹ ಮುಂಗಡ ಸಿಗುತ್ತದೆ. ಅದರ ನಿಯಮಗಳನ್ನು ಬಾಯಿಪಾಠ ಮಾಡಿಕೊಂಡ ಹಿರಿಯ ಗುಮಾಸ್ತನೊಬ್ಬ ಪ್ರತಿ ಕಚೇರಿಯಲ್ಲೂ ಇರುತ್ತಾನೆ. ನಮ್ಮ ಪಾಲಿನ ಗೃಹಸಲಹೆಗಾರ ಅವನೇ. 2016ರ ರೇರಾ ಕಾಯ್ದೆ ಬಂದ ಮೇಲೆ ಗ್ರಾಹಕರಿಂದ ಪಡೆದ ಹಣದ ಶೇಕಡಾ 70ನ್ನು ಬಿಲ್ಡರ್ ಪ್ರತ್ಯೇಕ ಖಾತೆಯಲ್ಲಿಡಬೇಕು. ಹತ್ತಾರು ಪುಟದ ಇಂಗ್ಲಿಷ್ ಕರಾರನ್ನು ಜೊತೆಗೆ ಕೂತು ಓದಿ ಹೇಳುವ, ಯಾವ ಕಡೆಯಿಂದಲೂ ದಲ್ಲಾಳಿ ಪಡೆಯದ ವ್ಯಕ್ತಿ ಮಾತ್ರ ಕಾಯ್ದೆಯಿಂದ ಹುಟ್ಟಲಿಲ್ಲ.

ನಮ್ಮವರು ಕಂಡುಕೊಂಡ ದಾರಿ ಸಹಕಾರದ್ದು. ಕರಾವಳಿಯಿಂದ ಮುಂಬಯಿಗೆ ಬಂದ ಚಿತ್ರಾಪುರ ಸಾರಸ್ವತರಿಗಾಗಿ ರಾವ್ ಬಹಾದ್ದೂರ್ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು 1915ರಲ್ಲಿ ಗಾಮದೇವಿಯಲ್ಲಿ ಗೃಹ ಸಹಕಾರ ಸಂಘ ಕಟ್ಟಿದ್ದು ಈ ನಗರದ ವಸತಿ ಚರಿತ್ರೆಯಲ್ಲಿ ದೊಡ್ಡ ಹೆಜ್ಜೆ. ಆದರೆ ತನ್ನವರಿಗಾಗಿ ಕಟ್ಟಿಕೊಳ್ಳುವುದಕ್ಕೂ ಉಳಿದವರನ್ನು ಹೊರಗಿಡುವುದಕ್ಕೂ ನಡುವಿನ ಗೆರೆ ತೆಳು. ಅಹಮದಾಬಾದಿನ ಪಾರ್ಸಿ ಗೃಹ ಸಹಕಾರ ಸಂಘದ ಮೊಕದ್ದಮೆಯಲ್ಲಿ, ಸದಸ್ಯತ್ವವನ್ನು ಒಂದೇ ಸಮುದಾಯಕ್ಕೆ ಸೀಮಿತಗೊಳಿಸುವ ಉಪನಿಯಮವನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ಎತ್ತಿಹಿಡಿಯಿತು. ಸಂಖ್ಯೆಯಲ್ಲಿ ಕಿರಿದಾದ ಸಮುದಾಯದ ಆತಂಕ ನನಗೆ ಅರ್ಥವಾಗುತ್ತದೆ. ಆದರೂ ಆ ತೀರ್ಪನ್ನು 1948ರ ಶೆಲ್ಲಿ ತೀರ್ಪಿನ ಪಕ್ಕದಲ್ಲಿಟ್ಟು ಓದಿದರೆ ಸಮಾಧಾನವಾಗುವುದಿಲ್ಲ.

ಅಮೆರಿಕದಲ್ಲಿ ಆ ಹಳೆಯ ಒಡಂಬಡಿಕೆಗಳು ಬಲ ಕಳೆದುಕೊಂಡರೂ ಕಾಗದದಿಂದ ಅಳಿದಿರಲಿಲ್ಲ. ಇಂದಿಗೂ ಹಳೆಯ ಮನೆ ಕೊಂಡವರು ದಾಖಲೆಗಳನ್ನು ತೆರೆದರೆ, ಈ ಮನೆಯಲ್ಲಿ ಇಂಥ ಜನ ವಾಸಿಸಕೂಡದೆಂಬ ಸಾಲು ಎದುರಾಗುವುದುಂಟು. ಓದುತ್ತಿರುವವರು ಕೆಲವೊಮ್ಮೆ ಆ ಜನರೇ. ಇಲಿನಾಯ್ ಸೇರಿದಂತೆ ಹಲವು ರಾಜ್ಯಗಳಲ್ಲಿ ಈಗ ಮಾಲೀಕರು ನೋಂದಣಿ ಕಚೇರಿಗೆ ಅರ್ಜಿ ಸಲ್ಲಿಸಿ ಆ ಸಾಲನ್ನು ತೆಗೆಸಬಹುದು.