ಗ್ಲೋ ಆಫ್ ಹೋಪ್

ಗ್ಲೋ ಆಫ್ ಹೋಪ್ ಮೈಸೂರಿನ ಜಗನ್ಮೋಹನ ಅರಮನೆಯ ಜಯಚಾಮರಾಜೇಂದ್ರ ಕಲಾ ಗ್ಯಾಲರಿಯಲ್ಲಿರುವ ಜಲವರ್ಣ ಭಾವಚಿತ್ರ. 1945–46ರಲ್ಲಿ ಇದನ್ನು ರಚಿಸಿದವರು ಸಾವಂತವಾಡಿ ಮೂಲದ ಎಸ್. ಎಲ್. ಹಲ್ದಣಕರ್ (1882–1968). ಚಿತ್ರಕ್ಕೆ ರೂಪದರ್ಶಿಯಾದವರು ಅವರ ಮಗಳು ಗೀತಾ.

ಯುವತಿ ಒಂದು ಕೈಯಲ್ಲಿ ದೀಪ ಹಿಡಿದು, ಕುಡಿ ಆರದಂತೆ ಇನ್ನೊಂದು ಕೈಯನ್ನು ಅಡ್ಡ ಹಿಡಿದಿದ್ದಾಳೆ. ಬೆಳಕು ಬೆರಳುಗಳನ್ನು ಕೆಂಪಾಗಿಸಿ, ಮುಖದ ಮೇಲೂ ಸೀರೆಯ ನೆರಿಗೆಗಳ ಮೇಲೂ ಹರಡಿ, ಮೆಲ್ಲನೆ ಕತ್ತಲಲ್ಲಿ ಕರಗುತ್ತದೆ. ತೈಲವರ್ಣದಲ್ಲಿ ತಪ್ಪಿದ ಕಡೆ ಮತ್ತೊಂದು ಪದರ ಹಚ್ಚಬಹುದು. ಜಲವರ್ಣದಲ್ಲಿ ಆ ಅನುಕೂಲವಿಲ್ಲ. ಬೆಳಗಬೇಕಾದ ಜಾಗದಲ್ಲಿ ಕಾಗದದ ಬಿಳುಪನ್ನು ಮೊದಲೇ ಕಾಯ್ದುಕೊಳ್ಳಬೇಕು. ಇಷ್ಟು ಕತ್ತಲೆಯ ಚಿತ್ರವನ್ನು ಈ ಮಾಧ್ಯಮದಲ್ಲಿ ಮೂಡಿಸಿದ್ದು ನಿಜಕ್ಕೂ ಅಸಾಧಾರಣ ಸಾಧನೆ.

ಹೀಗೆ ಮನೆಯವರನ್ನೇ, ಮನೆಯೊಳಗಿನ ಒಂದು ಗಳಿಗೆಯಲ್ಲಿ ಚಿತ್ರಿಸುವುದು ಫ್ರಾನ್ಸಿನ ಇಂಪ್ರೆಷನಿಸ್ಟ್ ಚಿತ್ರಕಾರರಿಗೆ ಬಹಳ ಪ್ರಿಯವಾಗಿತ್ತು. ಬರ್ತ್ ಮೊರಿಸೊ 1872ರಲ್ಲಿ, ತೊಟ್ಟಿಲ ಕೂಸನ್ನು ನೋಡುತ್ತ ಕುಳಿತ ತನ್ನ ಅಕ್ಕ ಎಡ್ಮಾಳನ್ನು ಚಿತ್ರಿಸಿದಳು. ಆ ಚಿತ್ರ 1874ರಲ್ಲಿ ಪ್ಯಾರಿಸ್ಸಿನ ಮೊದಲ ಇಂಪ್ರೆಷನಿಸ್ಟ್ ಪ್ರದರ್ಶನದಲ್ಲಿತ್ತು. ಆತ್ಮೀಯತೆಯಲ್ಲಿ ಹಲ್ದಣಕರ್ ಚಿತ್ರ ಇದಕ್ಕೆ ಹತ್ತಿರ, ವಿಧಾನದಲ್ಲಿ ದೂರ. ಬಿಡಿ ಬಿಡಿಯಾದ ಕುಂಚದ ಬೀಸು ಇಲ್ಲಿಲ್ಲ. ನೆರಳು ಬೆಳಕಿನಿಂದ ಮೈಯ ಉಬ್ಬುತಗ್ಗು ತೋರಿಸುವ ಅಕಾಡೆಮಿಕ್ ಶೈಲಿಯಿದೆ. ಕೈಮರೆಯ ದೀಪದ ವಸ್ತು 17ನೆಯ ಶತಮಾನದ ಚಿತ್ರಕಾರ ಜಾರ್ಜ್ ಡ ಲಾ ಟೂರ್‌ನಲ್ಲೇ ಕಾಣುತ್ತದೆ. ಲೂವ್ರ್‌ನಲ್ಲಿರುವ ಅವನ ಬಡಗಿ ಜೋಸೆಫನ ಚಿತ್ರದಲ್ಲಿ ಬಾಲಕನ ಬೆರಳುಗಳು ಮೇಣದ ಬತ್ತಿಯ ಮುಂದೆ ಹೀಗೆಯೇ ಹೊಳೆಯುತ್ತವೆ.

ಹಲ್ದಣಕರ್ ಕಲಿತದ್ದು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ. ಅದೇ ಶಾಲೆಯ ಶಿಕ್ಷಣ ಪಡೆದ ಕಲಬುರಗಿಯ ಎಸ್. ಎಂ. ಪಂಡಿತ್ (1916–1993) ಈ ನೆರಳು ಬೆಳಕಿನ ವಿದ್ಯೆಯನ್ನು ಸಿನಿಮಾ ಪೋಸ್ಟರುಗಳಿಗೂ ಕ್ಯಾಲೆಂಡರಿನ ಪೌರಾಣಿಕ ಚಿತ್ರಗಳಿಗೂ ತಂದು ಮನೆಮನೆಗೆ ಮುಟ್ಟಿಸಿದರು. 

ಗ್ಲೋ ಆಫ್ ಹೋಪ್ ರಾಜಾ ರವಿವರ್ಮನ ಕೃತಿಯೆಂಬ ತಪ್ಪು ತಿಳಿವಳಿಕೆ ಇಂದಿಗೂ ವ್ಯಾಪಕ. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಈ ಚಿತ್ರ ಮೂಡುವುದಕ್ಕೆ ಸುಮಾರು ನಾಲ್ಕು ದಶಕ ಮೊದಲು.