ಹೋಮ್ಸ್‌ಗೆ ಒಪ್ಪಿಸದ ಪ್ರಕರಣ

ಬೂಟಿನ ಕೆಸರು, ತಂಬಾಕಿನ ಬೂದಿ ನೋಡಿ ಅಪರಾಧಿಯನ್ನು ಪತ್ತೆ ಹಚ್ಚುವ ಷರ್ಲಾಕ್ ಹೋಮ್ಸ್‌ನ ಸೃಷ್ಟಿಕರ್ತ ಸರ್ ಆರ್ಥರ್ ಕಾನನ್ ಡಾಯ್ಲ್, ಸತ್ತವರು ಬದುಕಿರುವವರೊಡನೆ ಮಾತನಾಡುತ್ತಾರೆಂದು ನಂಬಿದ್ದರು ಎಂದರೆ ಅಚ್ಚರಿಯಾದೀತು. 1926ರಲ್ಲಿ ಪುಸ್ತಕವಾಗಿ ಬಂದ ಅವರ ‘ದಿ ಲ್ಯಾಂಡ್ ಆಫ್ ಮಿಸ್ಟ್’ ಈ ನಂಬಿಕೆಯನ್ನೇ ಕಥೆಯಾಗಿಸಿದ ಕಾದಂಬರಿ.

ಪತ್ರಕರ್ತ ಮೆಲೋನ್, ಪ್ರೊಫೆಸರ್ ಚಾಲೆಂಜರ್‌ನ ಮಗಳು ಎನಿಡ್ ಜೊತೆ ಲಂಡನ್ನಿನ ಪ್ರೇತ ಸಂಪರ್ಕದ ಕೂಟಗಳಿಗೆ ಹೋಗುತ್ತಾನೆ. ಪತ್ರಿಕೆಗೆ ವರದಿ ಬರೆಯುವುದು ಉದ್ದೇಶ. ಅಲ್ಲಿರುವವರು ‘ಮೀಡಿಯಂ’ಗಳು. ನಮ್ಮಲ್ಲಿ ಮೈಮೇಲೆ ಬರುವುದು ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಹಾಗೆಯೇ ಸತ್ತವರ ಮಾತು ಅವರ ಬಾಯಿಂದ ಬರುತ್ತದೆ. ಅವರಲ್ಲೊಬ್ಬ ಪೊಲೀಸರ ಬಲೆಗೆ ಬಿದ್ದು ಜೈಲು ಸೇರುತ್ತಾನೆ. ಇದು ಬರೀ ಕಲ್ಪನೆಯಲ್ಲ. 1824ರ ಅಲೆಮಾರಿಗಳ ಕಾಯ್ದೆಯಡಿ ಇಂಥವರ ಮೇಲೆ ಮೊಕದ್ದಮೆ ಹೂಡಲಾಗುತ್ತಿತ್ತು.

ಚಾಲೆಂಜರ್ ಮಹಾ ಸಂಶಯವಾದಿ. ಆದರೆ ತಾನು ಕೊಟ್ಟ ಹೊಸ ಔಷಧಿಯಿಂದ ಹಿಂದೆ ಇಬ್ಬರು ರೋಗಿಗಳು ಸತ್ತರೆಂಬ ಕೊರಗು ಅವನೊಳಗಿದೆ. ಔಷಧಿ ಕಾರಣವಲ್ಲ ಎಂಬ ಸುದ್ದಿ ಕೊನೆಗೆ ಮೈಮರೆತ ಮಗಳ ಬಾಯಿಂದಲೇ ಬರುತ್ತದೆ. ಚೌಕಟ್ಟು ಪತ್ತೇದಾರಿ ಕಥೆಯದೇ, ಆದರೆ ಸಾಕ್ಷಿ ನುಡಿಯುವವರು ಸತ್ತವರು! ಕಾದಂಬರಿಯಾಗಿ ಇದು ಸೊರಗಿದೆ. ಪ್ರಚಾರದ ದನಿ ಜೋರಾಗಿದೆ.

ಮಗನನ್ನು ಕಳೆದುಕೊಂಡ ದುಃಖದಲ್ಲಿ ಡಾಯ್ಲ್ ಹೀಗಾದರು ಎನ್ನುವವರಿದ್ದಾರೆ. ಅದು ಪೂರ್ತಿ ಸರಿಯಲ್ಲ. ಅವರು ತಮ್ಮ ನಂಬಿಕೆಯನ್ನು ಬಹಿರಂಗಪಡಿಸಿದ್ದು 1916ರಲ್ಲಿ; ಮಗ ಕಿಂಗ್ಸ್‌ಲೀ ತೀರಿಕೊಂಡದ್ದು 1918ರ ಅಕ್ಟೋಬರ್‌ನಲ್ಲಿ. ಆದರೆ ಅವರ ಮಾತಿಗೆ ಕಿವಿಗೊಟ್ಟವರ ಕಥೆ ಬೇರೆ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಏಳು ಲಕ್ಷಕ್ಕೂ ಹೆಚ್ಚು ಯೋಧರು ಸತ್ತರು. ಶವಗಳನ್ನು ತಾಯ್ನಾಡಿಗೆ ತರಲು ಸರ್ಕಾರ ಬಿಡಲಿಲ್ಲ. ಮುಖ ನೋಡಲಿಲ್ಲ, ಮಣ್ಣು ಹಾಕಲಿಲ್ಲ. ಅಂಥ ತಾಯಂದಿರಿಗೆ ಕತ್ತಲ ಕೋಣೆಯಿಂದ ‘ಅಮ್ಮಾ’ ಎಂಬ ದನಿ ಕೇಳಿಬಂದರೆ ತರ್ಕ ಎಲ್ಲಿ ನಿಂತೀತು?

ಜಾದೂಗಾರ ಹ್ಯಾರಿ ಹೂಡಿನಿಯೂ ಅಮ್ಮನಿಗಾಗಿ ಹಂಬಲಿಸುತ್ತಿದ್ದವರೇ. 1922ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ಡಾಯ್ಲ್ ಅವರ ಪತ್ನಿ ಆ ತಾಯಿಯ ಮಾತೆಂದು ಪುಟಗಟ್ಟಲೆ ಬರೆದುಕೊಟ್ಟರು. ಬರಹ ಇಂಗ್ಲಿಷಿನಲ್ಲಿತ್ತು, ಮೇಲೊಂದು ಶಿಲುಬೆಯ ಗುರುತು. ಹೂಡಿನಿಯ ತಾಯಿ ಯಹೂದಿ ಪುರೋಹಿತರ ಹೆಂಡತಿ. ಇಂಗ್ಲಿಷ್ ಆಕೆಗೆ ಅಷ್ಟಾಗಿ ಬಾರದು. ಹೋಮ್ಸ್ ಆಗಿದ್ದರೆ ಇವೆರಡೇ ಸುಳಿವು ಸಾಕಿತ್ತು. ಗೆಳೆತನ ಮುರಿಯಿತು.

ಇಷ್ಟಾದರೂ ಡಾಯ್ಲ್ ಹೋಮ್ಸ್‌ನನ್ನು ಮತಾಂತರಿಸಲಿಲ್ಲ. 1924ರ ‘ಸಸೆಕ್ಸ್ ವ್ಯಾಂಪೈರ್’ ಕಥೆಯಲ್ಲಿ ಅವನು ರಕ್ತಪಿಶಾಚಿಯ ಮಾತನ್ನು ತಳ್ಳಿಹಾಕಿ, ಮನೆಯೊಳಗಿನ ಹೊಟ್ಟೆಕಿಚ್ಚನ್ನೇ ಬಯಲಿಗೆಳೆಯುತ್ತಾನೆ.

1930ರ ಜುಲೈ 7ರಂದು ಡಾಯ್ಲ್ ನಿಧನರಾದರು. ಆರು ದಿನಗಳ ಬಳಿಕ ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ಸಾವಿರಾರು ಜನ ಸೇರಿದ್ದರು. ವೇದಿಕೆಯಲ್ಲಿ ಅವರ ಪತ್ನಿಯ ಪಕ್ಕ ಒಂದು ಕುರ್ಚಿ ಖಾಲಿ ಇತ್ತು. ಡಾಯ್ಲ್ ಬಂದಿದ್ದಾರೆ ಎಂದು ಮೀಡಿಯಂ ಎಸ್ಟೆಲ್ ರಾಬರ್ಟ್ಸ್ ಹೇಳಿದರು.